ಒಣಗಿದ ಗ್ಲಾಡಿಯೋಲಸ್‌ಗೆ ನೀರು

ಅಮ್ಮ ಗ್ಲಾಡಿಯೋಲಸ್ ಬೀಜ ತಂದದ್ದು ನಂದಿಬೆಟ್ಟದ ತೋಟದಿಂದ. ಹೂವು ಮುಗಿದು ದಂಟಿನಲ್ಲೇ ಒಣಗಿದ್ದ ಕಾಯಿಗಳನ್ನು ಮಾಲಿಯನ್ನು ಕೇಳಿಯೇ ಕಿತ್ತು ಸೆರಗಿಗೆ ಗಂಟು ಹಾಕಿಕೊಂಡಳು. "ಗೆಡ್ಡೆ ನೆಡ್ಬೇಕಮ್ಮ, ಇದನ್ನ ಯಾರೂ ಬಿತ್ತಲ್ಲ," ಎಂದು ಅವನು ನಕ್ಕ. ಮೂಲ ದಕ್ಷಿಣ ಆಫ್ರಿಕಾದ ಗಿಡ, ಬೀಜ ಹಾಕಿದರೆ ಹೂವಿಗೆ ಎರಡು ಮೂರು ವರ್ಷ ಬೇಕು ಎಂದು ನಮ್ಮ ಕಾಲೇಜಿನ ಸಸ್ಯಶಾಸ್ತ್ರದ ಮೇಷ್ಟ್ರು ಆಮೇಲೆ ಹೇಳಿದರು. "ಕಾದರಾಯ್ತು," ಎಂದಳು ಅಮ್ಮ.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಚಿಂತಾಮಣಿಯ ನಮ್ಮ ಮನೆಗೆ ಇನ್ನೂ ನಲ್ಲಿ ಬಂದಿರಲಿಲ್ಲ. ಹಿತ್ತಿಲಲ್ಲಿ ಹಳೇ ಸೀಮೆಎಣ್ಣೆ ಡಬ್ಬಗಳ ತಳಕ್ಕೆ ತೂತು ಹೊಡೆದು, ಮರಳು ಬೆರೆಸಿದ ಮಣ್ಣು ತುಂಬಿ, ಈರುಳ್ಳಿ ಸಿಪ್ಪೆಯ ಚೂರಿನಂಥ ಆ ಬೀಜಗಳನ್ನು ದಸರಾ ಕಳೆದ ಮೇಲೆ ಬಿತ್ತಿದಳು. ಹುಲ್ಲಿನಂತೆ ಮೊಳೆತವು. ಹುಲ್ಲೇ ಇರಬೇಕೆಂದು ನಾನು ವಾದಿಸಿದೆ. ಚರ್ಚಾಸ್ಪರ್ಧೆಗಳಲ್ಲಿ ನಾನು ಗೆದ್ದ ಕಪ್ಪುಗಳು ಮನೆಯಲ್ಲಿದ್ದವು. ಅವುಗಳ ಮರ್ಯಾದೆಗಾದರೂ ಯಾವುದನ್ನೂ ಸುಮ್ಮನೆ ಒಪ್ಪುವಂತಿರಲಿಲ್ಲ.

ಸಂಕ್ರಾಂತಿ ಮುಗಿದ ವಾರ ಅಮ್ಮ ಜ್ವರ ಬಂದು ತೀರಿಕೊಂಡಳು. ಬಂದವರೆಲ್ಲ "ಅತ್ತುಬಿಡಮ್ಮ, ಹಗುರಾಗ್ತೀಯ" ಎಂದರು. ಅತ್ತರೆ ಹಗುರಾಗುತ್ತದೆ ಎಂಬುದಕ್ಕೆ ಏನು ಆಧಾರ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಅಳಲೂ ಇಲ್ಲ. ತಿಂಡಿ ತಿಂದೆ, ಕಾಲೇಜಿಗೆ ಹೋದೆ, ಪರವಾಗಿಯೋ ವಿರೋಧವಾಗಿಯೋ ಮಾತಾಡಿ ಮನೆಗೆ ಬಂದೆ.

ಶಿವರಾತ್ರಿ ಹೊತ್ತಿಗೆ ಡಬ್ಬಗಳಲ್ಲಿನ ಎಲೆಗಳೆಲ್ಲ ಹಳದಿಯಾಗಿ, ಒರಗಿ, ಒಣಗಿದವು. ಆದರೂ ಅಪ್ಪ ಬೆಳಿಗ್ಗೆ ಎದ್ದ ಕೂಡಲೆ ಬಾವಿಯಿಂದ ನೀರು ಸೇದಿ ಹಾಕುತ್ತಿದ್ದರು. ಅಮ್ಮ ಹೋದ ಮೇಲೆ ಯಾರೂ ಹೇಳದೆ ಅವರು ಮಾಡುತ್ತಿದ್ದ ಕೆಲಸ ಅದೊಂದೇ. ಮಿಕ್ಕಂತೆ ಅವರ ತಾಯಿ, ನಮ್ಮಜ್ಜಿಯೇ, ಅವರನ್ನು ಊಟಕ್ಕೆ ಕೂರಿಸಬೇಕು, ಷರಟು ಕೈಗೆ ಕೊಡಬೇಕು.

"ಪೋಯಾಯಿ ಲೇರಾ," ಎಂದಳು ಅಜ್ಜಿ ಅಪ್ಪನಿಗೆ, ತನ್ನ ತೌರಿನ ತೆಲುಗಿನಲ್ಲಿ. ಆಮೇಲೆ ನನ್ನ ಕಡೆ ತಿರುಗಿ, "ಅವಳ ಜೊತೇಲೇ ಹೋದ್ವು ಕಣೇ."

"ಹೋಗಿಲ್ಲ ಅಜ್ಜಿ. ಬೇಸಿಗೇಲಿ ಎಲೆ ಒಣಗುತ್ತೆ, ಒಳಗೆ ಗೆಡ್ಡೆ ಮಲಗಿರುತ್ತೆ. ಈಗ ನೀರು ಹಾಕಿದ್ರೇನೇ ಕೊಳೆಯೋದು."

"ಮಲಗಿರೋದನ್ನ ನೀನು ಹೋಗಿ ನೋಡ್ಕೊಂಡ್ ಬಂದ್ಯಾ?"

ನ್ಯಾಯವಾದ ಪ್ರಶ್ನೆ. ಮೇಷ್ಟ್ರು ಹೇಳಿದರು ಎಂಬುದು ಪುರಾವೆಯಲ್ಲ. ಒಂದು ಭಾನುವಾರ ಎರಡು ಡಬ್ಬಗಳನ್ನು ಬೋರಲು ಹಾಕಿದೆ: ಅಪ್ಪ ದಿನಾ ನೀರು ಹಾಕುತ್ತಿದ್ದ ಒಂದು, ಸೌದೆಯ ಹಿಂದೆ ಸೇರಿಹೋಗಿ ಅವರ ಕಣ್ಣಿಗೆ ಬೀಳದಿದ್ದ ಇನ್ನೊಂದು. ಒಣಮಣ್ಣಿನಲ್ಲಿ ಅವರೆಕಾಳಿನಷ್ಟು ಗೆಡ್ಡೆಗಳು, ಕಂದು ಸಿಪ್ಪೆ ಹೊದ್ದು ಗಟ್ಟಿಯಾಗಿದ್ದವು. ಒದ್ದೆಮಣ್ಣಿನವು ಬೆರಳಿಗೆ ಪಿಚಕ್ಕೆಂದವು. ಎರಡನ್ನೂ ಅಪ್ಪನ ಮುಂದೆ ಜಗಲಿಯ ಮೇಲಿಟ್ಟೆ.

"ಅಪ್ಪ, ನೋಡಿ. ಇದು ನೀರು ಹಾಕದ್ದು. ಇದು ಹಾಕಿದ್ದು."

ಅವರು ಮೆತ್ತಗಿದ್ದುದನ್ನೇ ಮುಟ್ಟಿದರು. "ಹಂಗಾದ್ರೆ ಕೊಳೆಸ್ತಿರೋದು ನಾನೇ ಅಂತೀಯ."

"ಮಿಕ್ಕಿದ್ದರಲ್ಲಿ ಕೆಲವಾದ್ರೂ ಉಳ್ಕೊಂಡಿರಬಹುದು ಅಂತೀನಿ. ಮಳೆ ಬರೋವರೆಗೂ ಹಾಕಬೇಡಿ."

"ಸರಿ, ನೀನೇ ಗೆದ್ದೆ." ಬೆರಳನ್ನು ಪಂಚೆಗೆ ಒರೆಸಿಕೊಂಡು ಕೇಳಿದರು: "ಬೆಳಿಗ್ಗೆ ಎದ್ದು ನಾನೇನ್ ಮಾಡ್ಲಿ ಕಣಮ್ಮ?"

ಎದುರು ಪಕ್ಷ ಏನೇನು ಕೇಳಬಹುದೆಂದು ಲೆಕ್ಕ ಹಾಕಿಕೊಂಡೇ ನಾನು ವೇದಿಕೆ ಹತ್ತುತ್ತಿದ್ದೆ. ಇದು ಆ ಲೆಕ್ಕದಲ್ಲಿರಲಿಲ್ಲ. ಅಡುಗೆಮನೆಯಿಂದ ಅಜ್ಜಿಯೇ ಕೂಗಿದಳು: "ಕೊತ್ತಂಬರಿ ಹಾಕೋ! ದಿನಾ ನೀರು ಕೇಳುತ್ತೆ. ಅದಕ್ಕೆ ಆಫ್ರಿಕಾ ಗೀಫ್ರಿಕಾ ಏನೂ ಇಲ್ಲ."

ಅಪ್ಪ ಎದ್ದು ಹೋಗಿ ಕೊತ್ತಂಬರಿ ಬೀಜವನ್ನು ಚಪ್ಪಡಿಯ ಮೇಲೆ ಹರಡಿ, ಎರಡು ಹೋಳಾಗುವಂತೆ ಚಪ್ಪಲಿಯಿಂದ ಉಜ್ಜಿದರು. ನಾನು ಗಟ್ಟಿಯಿದ್ದವನ್ನು ಮತ್ತೆ ಒಣಮಣ್ಣಿನ ಡಬ್ಬಕ್ಕೆ ಸೇರಿಸಿ, ಕೊಳೆತವನ್ನು ತಿಪ್ಪೆಗೆಸೆದು ಕೈ ತೊಳೆದೆ. ಗೆದ್ದೆನೆಂದು ಅನಿಸಲಿಲ್ಲ, ಸೋತೆನೆಂದೂ ಅನಿಸಲಿಲ್ಲ. ಕೈಗೆ ವಾಸನೆ ಇತ್ತು, ಇನ್ನೊಮ್ಮೆ ತೊಳೆದೆ.

ಆ ಬೇಸಿಗೆಯೆಲ್ಲ ಸಾರಿಗೂ ಕೊತ್ತಂಬರಿ, ಚಟ್ನಿಗೂ ಕೊತ್ತಂಬರಿ. ಡಬ್ಬಗಳ ಹತ್ತಿರ ಅಪ್ಪ ಸುಳಿಯಲಿಲ್ಲ. ಮಳೆ ಎರಡು ಸಲ ಬಂದುಹೋದ ಮೇಲೆ, ಒಂದು ಬೆಳಿಗ್ಗೆ, ಮೂರು ಡಬ್ಬಗಳಲ್ಲಿ ಹಸಿರು ಮೊನೆ ಕಂಡಿತು. ಮಿಕ್ಕವು ಬರೀ ಮಣ್ಣು. ಅಪ್ಪನನ್ನು ಕರೆದೆ. ಬಂದು ಕುಕ್ಕರುಗಾಲಲ್ಲಿ ಕೂತು ನೋಡಿದರು. ಅವರ ಮುಖದಲ್ಲಿ ಏನೂ ಕಾಣಲಿಲ್ಲ; ನನ್ನ ಮುಖದಲ್ಲಿ ಏನಾದರೂ ಕಂಡಿತೆಂದು ಹೇಳುವ ಧೈರ್ಯ ನನಗಿಲ್ಲ.

"ಈಗ ಹಾಕಬಹುದೇನಮ್ಮ?"

"ಹಾಕಬಹುದು. ಸ್ವಲ್ಪ."

"ಸ್ವಲ್ಪ ಅಂದ್ರೆ ಎಷ್ಟು?" ಎಂದು ಎರಡು ಸಲ ಕೇಳಿ, ಬೊಗಸೆಯಲ್ಲಿ ಅಳತೆ ತೋರಿಸಿಕೊಂಡು, ಬಾವಿಯ ಕಡೆ ಹೋದರು.