ಪದ್ಮಾವತಿಯ ಫೋಟೋ ಮೇಲಿನ ಮಸುಕು

ಮಸ್ಕಿ ಬಸ್ ನಿಲ್ದಾಣದೆದುರಿನ ಅಂಗಡಿಯಲ್ಲಿ ಊರಮಂದಿಯ ಲಗ್ನಪತ್ರಿಕೆಗಳನ್ನೆಲ್ಲ ಕಂಪ್ಯೂಟರಿನಲ್ಲಿ ಮಾಡಿಕೊಡುವ ಪದ್ಮಾವತಿಗೆ ಮೂವತ್ತು ತುಂಬಿದರೂ ತನ್ನ ಲಗ್ನ ಕೂಡಿಬಂದಿರಲಿಲ್ಲ. ಎಡಗಲ್ಲದ ಮೇಲೆ ಅಂಗೈಯಗಲ ಸುಟ್ಟ ಕಲೆ. ನೋಡಲು ಬಂದ ಎರಡು ಮನೆಯವರೂ ಚಹಾ ಕುಡಿದು, "ತಿಳಿಸ್ತೀವ್ರಿ" ಅಂದು ಹೋದವರು ಹೋದರು. ಅಯ್ಯ, ತಿಳಿಸುವವರು ಹಾಗೆ ಹೇಳುತ್ತಾರೆಯೇ!

ಅಷ್ಟರಲ್ಲಿ ಲಿಂಗಸುಗೂರಿನ ಅವರ ಸಮಾಜದ ಹಿರಿಯರು ವಧೂವರರ ವೆಬ್‌ಸೈಟ್ ಮಾಡುವ ಕೆಲಸವನ್ನು ಅವಳಿಗೇ ವಹಿಸಿದರು. ಎರಡೂ ಕಡೆಯ ಹಿರಿಯರು ಒಪ್ಪುವ ತನಕ ಹುಡುಗಿಯ ಫೋಟೋ ಮಸುಕಾಗಿರಬೇಕು. ಹೆಸರು, ಓದು, ಊರು ಮಾತ್ರ ಕಾಣಬೇಕು. ಹಾಗೇ ಮಾಡಿದಳು.

ತನ್ನದೇ ಫೋಟೋ ಹಾಕುವ ಸರದಿ ಬಂದಾಗ ತಾಯಿ ಮುದುಕಮ್ಮ ಪಕ್ಕದಲ್ಲೇ ಕೂತಳು. "ಹಿರ್ಯಾರು ಒಪ್ಪಿ ಫೋಟೋ ತೆರದ ಮ್ಯಾಗೂ ಆ ಗಲ್ಲ ಮಸುಕಿರ್ಲಿ. ಮನೀತನಕರ ಬರ್ಲಿ."

"ಬಂದ ಮ್ಯಾಲ ಏನ್ ಮಾಡ್ತೀಬೇ? ಸೆರಗು ಹೊಚ್ಚತೀಯೇನು?"

"ನಾ ಹೇಳಿದ್ದು ಮಾಡು ನೀ."

ಪದ್ಮಾವತಿಗೆ ಸಿಟ್ಟೂ ಬಂತು, ಒಳಗೆ ಆಸೆಯೂ ಇತ್ತು. ಕಂಪ್ಯೂಟರಿನಲ್ಲಿ ಅಳೆದು, ಕಲೆಯಿದ್ದ ಜಾಗಕ್ಕೆ ಸರಿಯಾಗಿ ಮಸುಕಿನ ಚೌಕವೊಂದನ್ನು ಕೂರಿಸಿದಳು. ಮೊಬೈಲಿನಲ್ಲಿ ಹೇಗೆ ಕಾಣುತ್ತದೆಂದು ನೋಡಲಿಲ್ಲ.

ಹಟ್ಟಿ ಚಿನ್ನದ ಗಣಿಯಲ್ಲಿ ಪಾಳಿ ಕೆಲಸದ ನಿಂಗರಾಜನ ಕಡೆಯವರು ಒಪ್ಪಿದರು. ಫೋಟೋ ತೆರೆಯಿತು. ಮರುದಿನ ಮಧ್ಯಾಹ್ನ ಅಂಗಡಿಗೇ ಅವನ ಅಕ್ಕ ಯಶೋಧರಾಳ ಫೋನು ಬಂತು.

"ಪದ್ಮಾವತಿ ಏನವ್ವಾ? ನಿನ್ನ ಫೋಟೋದಾಗ ಕಣ್ಣು, ಬಾಯಿ ಎಲ್ಲಾ ಮಸುಕಾಗ್ಯಾವಲ್ಲ?"

ಪದ್ಮಾವತಿ ತನ್ನ ಮೊಬೈಲ್ ತೆಗೆದು ನೋಡಿದಳು. ಮೊಬೈಲಿನಲ್ಲಿ ಫೋಟೋ ಕುಗ್ಗಿತ್ತು, ಚೌಕ ಕುಗ್ಗದೆ ಪಕ್ಕಕ್ಕೆ ಸರಿದು ಕೂತಿತ್ತು. ಎಂಥ ದಡ್ಡತನ!

"ಮತ್ತ... ಗಲ್ಲ?"

"ಅದು ಛಲೋ ಕಾಣಾಕತ್ತೈತಿ. ತಮ್ಮನೂ ನೋಡ್ಯಾನ. 'ಗಲ್ಲದ ಕಲಿ ಕಂಡೈತಿ, ಹುಡುಗೀನ ಕಾಣವಲ್ಲಳು, ಕೇಳಕ್ಕಾ' ಅಂದಾನ."

ಬುತ್ತಿ ತಂದಿದ್ದ ಮುದುಕಮ್ಮ, "ಯಾರಬೇ? ಏನಂದ್ರು?" ಎಂದು ಕೇಳಿದಳು. ಮಗಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಮುದುಕಮ್ಮ ಬುತ್ತಿ ಕೆಳಗಿಟ್ಟಳು. ಆಮೇಲೆ ಆ ಗಲ್ಲದ ಮೇಲೆ ಕೈಯಿಟ್ಟಳು. ಹಾಗೆ ಮುಟ್ಟಿ ಎಷ್ಟೋ ವರ್ಷವಾಗಿತ್ತು.

"ಆವತ್ತು ಕುದಿಯೋ ಗಂಜಿ ಚೆಲ್ಲಿದ್ದು ನನ್ನ ಕೈಯಿಂದವ್ವಾ. ನಾ ಮುಚ್ಚಾಕತ್ತಿದ್ದು ನಿನ್ನ ಕಲಿ ಅಲ್ಲ, ನನ್ನ ತಪ್ಪು. ಆ ಮಸುಕು ತಗದುಬಿಡು."