ರಾಜಧಾನಿಯವರು ಒಕ್ಕೂಟ ಸೇರಿದ್ದು

ನಮ್ಮ ಕಿತ್ತೂರು ಒಂದು ಕಾಲಕ್ಕೆ ರಾಜಧಾನಿಯಾಗಿತ್ತು. ಕೋಟೆ ಬಿದ್ದು ಎಷ್ಟೋ ತಲೆಮಾರು ಕಳೆದರೂ ಊರಿನವರ ಮೂಗು ಇನ್ನೂ ಕೆಳಗಿಳಿದಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಬದನೆಕಾಯಿ ಮಾರುವವಳಿಗೂ ಒಂದು ಗತ್ತು. ಚೌಕಾಶಿ ಮಾಡಿದರೆ ಅವಳ ಸೀಮೆಯನ್ನೇ ಕಸಿಯಲು ಬಂದವರಂತೆ ನಮ್ಮನ್ನು ನೋಡುತ್ತಾಳೆ. ನಾನು ಸಿರಸಂಗಿಯ ಒಕ್ಕಲು ಮನೆಯಿಂದ ಮದುವೆಯಾಗಿ ಬಂದವಳು. ಈ ಗತ್ತನ್ನು ಕಂಡು ಮೊದಲು ಹೆದರುತ್ತಿದ್ದೆ, ಆಮೇಲೆ ನಗುತ್ತಿದ್ದೆ, ಈಗ ಬರೀ ಬೇಸರವಾಗುತ್ತದೆ.

ಗುಡಿಯ ಹಿಂದಿನ ಹಾಲ್‌ನಲ್ಲಿ ನಾವು ಹನ್ನೊಂದು ಜನ ಹೆಂಗಸರು ಸಂಘ ಮಾಡಿಕೊಂಡು ಖಡಕ್ ರೊಟ್ಟಿ ಮಾಡುತ್ತೇವೆ. ಹಂಚಿನ ಮೇಲೆ ಬೆಂದ ಮಾತ್ರಕ್ಕೆ ರೊಟ್ಟಿ ಖಡಕ್ ಆಗುವುದಿಲ್ಲ. ಅದನ್ನು ಮಣ್ಣಿನ ಒಲೆಯ ಸುತ್ತ, ಕೆಂಡದ ಕಾವಿಗೆ ಆನಿಸಿ ನಿಲ್ಲಿಸಬೇಕು, ತಿರುತಿರುಗಿಸಿ ಒಣಗಿಸಬೇಕು. ಆ ಕೆಲಸ ನಾವೆಲ್ಲ ಆಯಿ ಎಂದು ಕರೆಯುವ, ನಮ್ಮ ಓಣಿಯ ಆಚೆ ತುದಿಯ ಮುದುಕಿಯದು. ಬಿದ್ದು ಮಣಿಕಟ್ಟು ಮುರಿದ ಮೇಲೆ ಅವಳಿಗೆ ರೊಟ್ಟಿ ಬಡಿಯಲು ಆಗುವುದಿಲ್ಲ. ಒಲೆಯ ಮುಂದೆ ಮಣೆ ಹಾಕಿಕೊಂಡು ಕುಳಿತರೆ ಮಾತ್ರ ಒಂದು ರೊಟ್ಟಿಯೂ ಸೀಯುವುದಿಲ್ಲ, ಒಂದೂ ಮೆತ್ತಗೆ ಉಳಿಯುವುದಿಲ್ಲ. ತಮ್ಮನ ಮನೆಯಲ್ಲಿರುವ ಅವಳಿಗೆ ತನ್ನದು ಅಂತ ಇರುವುದು ಆ ಮಣೆಯೊಂದೇ. ಅದು ಹೋದರೆ ತಮ್ಮನ ಹೆಂಡತಿ ಕೊಟ್ಟಾಗ ಚಹಾ, ಕೊಡದಿದ್ದರೆ ಇಲ್ಲ.

ಹೀಗಿರುವಾಗ ಒಕ್ಕೂಟದ ಮಾತು ಬಂತು. ಬೈಲಹೊಂಗಲ, ಸವದತ್ತಿ, ರಾಮದುರ್ಗ ಮತ್ತು ನಮ್ಮ ಕಿತ್ತೂರು, ಈ ನಾಲ್ಕು ತಾಲೂಕಿನ ರೊಟ್ಟಿ ಸಂಘಗಳು ಒಂದಾಗಿ, ಒಂದೇ ಹೆಸರಿನ ಪಾಕೀಟಿನಲ್ಲಿ ಮಾರುವುದು. ಕಚೇರಿ ಬೈಲಹೊಂಗಲದಲ್ಲಿ. ಅದನ್ನು ಕೇಳಿದ ದಿನ ನಮ್ಮ ಹನ್ನೊಂದು ಜನರಲ್ಲೇ ಒಬ್ಬರಾದ ಅಧ್ಯಕ್ಷರು ಮಧ್ಯಾಹ್ನ ಉಣ್ಣಲಿಲ್ಲ.

"ರಾಜಧಾನಿ ಬಿಟ್ಟು ಸಂತಿ ಊರಾಗ ಕಚೇರಿ ಇಡತಾರಂದ್ರ ಏನರ್ಥ ವೈನಿ?" ಎಂದು ಕೇಳಿದರು. ನನ್ನನ್ನು ಅವರು ಅತ್ತಿಗೆಯೆಂದೇ ಕರೆಯುವುದು.

"ಅಲ್ಲಿ ಬಸ್ಸು ಭಾಳ ಅದಾವ್ರಿ," ಅಂದೆ.

"ಬಸ್ಸಿನ ಮಾತಲ್ಲ ಇದು. ಮರ್ಯಾದಿ ಮಾತು."

ಕಚೇರಿ ಹೋದರೆ ಹೋಗಲಿ, ಒಕ್ಕೂಟದಲ್ಲಿ ಕಿತ್ತೂರೇ ಮೊದಲು ಎಂದು ತೋರಿಸುವ ಹಟ ಅವರಿಗೆ. ಒಕ್ಕೂಟದವರು ಜಾಗ ನೋಡಲು ಬರುತ್ತಾರೆ, ಚೊಕ್ಕಟವಾಗಿರಲಿ ಎಂದು ಒಂದು ಸಾಲಿನ ಪತ್ರ ಬಂದಿತ್ತು. ಅಷ್ಟಕ್ಕೆ ಅಧ್ಯಕ್ಷರು ಹಾಲ್‌ಗೆ ಗುಲಾಬಿ ಬಣ್ಣ ಬಳಿಸಿದರು. ಗೋಡೆಗೆ ಕನ್ನಡಿ ಬಂತು. ಯಾರದೋ ಮಗಳ ಮದುವೆಯಲ್ಲಿ ಬಂದು ಉಳಿದಿದ್ದ ಸೋಫಾ ಬಂತು. ಅದನ್ನು ಇಡಲು ಜಾಗ ಸಾಲದೆ ಮೂರೂ ಒಲೆಗಳನ್ನು ಒಡೆಸಿ ಗ್ಯಾಸ್ ಇಡಿಸಿದರು. ರೊಟ್ಟಿ ಸಂಘದವರು ಒಲೆ ಕಿತ್ತು ಸೋಫಾ ಹಾಕಿದ್ದನ್ನು ಬೇರೆ ಯಾವ ಊರಲ್ಲೂ ನಾನು ಕೇಳಿಲ್ಲ. ಅದಕ್ಕೆ ರಾಜಧಾನಿಯೇ ಆಗಬೇಕು.

ಅವರ ಮಾತೂ ಬದಲಾಯಿತು. ಹುಟ್ಟಿದಾಗಿನಿಂದ "ಹೌದಲ್ರಿ" ಅನ್ನುತ್ತಿದ್ದವರು ಟಿವಿಯವರಂತೆ "ಖಂಡಿತವಾಗಿಯೂ" ಅನ್ನತೊಡಗಿದರು. ರೊಟ್ಟಿಯನ್ನು "ಉತ್ಪನ್ನ" ಅಂದರು. ದೇವರು ನನಗೆ ನಗು ತಡೆಯುವ ಶಕ್ತಿ ಕೊಟ್ಟಿದ್ದಾನೆ. ಅದೂ ಒಂದು ಉಪಕಾರವೇ.

ಒಕ್ಕೂಟಕ್ಕೆ ಕಳಿಸಲು ಹೆಸರಿನ ಪಟ್ಟಿ ಮಾಡುವಾಗ ಅವರು ಆಯಿಯ ಹೆಸರು ಬಿಟ್ಟರು.

"ಬಡಿಯಾಕ ಬರೂದಿಲ್ಲ. ಒಲಿನೂ ಇಲ್ಲ. ಸುಮ್ನ ಕುಂದ್ರವರನ್ನ ಒಕ್ಕೂಟ ತಗೊಳಂಗಿಲ್ಲ ಆಯಿ."

ಆಯಿ ಸೋಫಾದ ಕಡೆ ನೋಡಿದಳು. "ಸುಮ್ನ ಕುಂದ್ರವರಿಗೇ ಅಲ್ಲೇನವಾ ಇಷ್ಟ ದೊಡ್ಡ ಕುರ್ಚಿ ತರಿಸೀರಿ?" ಅಂದು ಮಣೆ ಬಗಲಲ್ಲಿ ಇಟ್ಟುಕೊಂಡು ಹೊರಟಳು. ಆದರೆ ದಾರಿಯಲ್ಲಿ ನನ್ನ ಸೆರಗು ಹಿಡಿದಳು. "ಮನ್ಯಾಗ ಹೇಳಬ್ಯಾಡವಾ. ಸಂಘದಾಗ ಅದೀನಿ ಅಂತನ ಇರಲಿ."

ಹೀಗಾಗಿ ಅವಳು ದಿನಾ ಬೆಳಿಗ್ಗೆ ಸಂಘಕ್ಕೆ ಎಂದು ಹೊರಟು ನಮ್ಮ ಹಿತ್ತಲಿಗೆ ಬರತೊಡಗಿದಳು. ನಮ್ಮಲ್ಲಿ ನೀರು ಕಾಯಿಸುವ ಮಣ್ಣಿನ ಒಲೆ ಇದೆ. ನಾನು ಪೂಜೆ ಮುಗಿಸಿ ನನ್ನ ಪಾಲಿನ ರೊಟ್ಟಿ ಮನೆಯಲ್ಲೇ ಬಡಿದು ಕೊಡುತ್ತಿದ್ದೆ, ಅವಳು ಒಣಗಿಸುತ್ತಿದ್ದಳು. ಹಿತ್ತಲಿಗೆ ತಗಡು ಹಾಕಿಸಿದ್ದು ಹಿಂದಿನ ಬೇಸಿಗೆಯಲ್ಲಿ. ಹಾಕಿಸದಿದ್ದರೆ ಅವಳನ್ನು ಬಿಸಿಲಲ್ಲಿ ಕೂಡಿಸಬೇಕಾಗಿತ್ತು. ಶಿವನೇ ಬುದ್ಧಿ ಕೊಟ್ಟು ಹಾಕಿಸಿದ ಅಂದುಕೊಂಡೆ.

ಹಾಲ್‌ನಲ್ಲಿ ಉಳಿದವರು ಗ್ಯಾಸಿನ ಮೇಲೆ ಒಣಗಿಸಿದ್ದು ಅಂಚು ಕಪ್ಪು, ನಡು ಮೆತ್ತಗೆ. ಪಾಕೀಟಿಗೆ ಹಾಕಿ ಸೋಫಾದ ಹಿಂದೆ ಒಟ್ಟಿದ್ದರು. ಇದು ಸರಿಯಾಗಿ ಒಣಗಿಲ್ಲ ಎಂದು ನಾನು ಒಮ್ಮೆ ಹೇಳಿದೆ. "ಹೊಗಿ ವಾಸನಿ ಇರೂದಿಲ್ಲ ನೋಡ್ರಿ, ಅದ ಬೇಕಾಗಿರತೈತಿ ಅವರಿಗೆ," ಅಂದರು ಅಧ್ಯಕ್ಷರು. ಅವರು ಒಂದು ರೊಟ್ಟಿ ಬಡಿದು ಎಷ್ಟು ವರ್ಷವಾಯಿತೋ ಆ ಬಸವಣ್ಣನಿಗೇ ಗೊತ್ತು.

ಒಕ್ಕೂಟದವರು ಬಂದರು. ನಾವು ಕಾರು ಬರುತ್ತದೆ, ಸಾಹೇಬರು ಇಳಿಯುತ್ತಾರೆ ಎಂದು ಹಾರ ಹಿಡಿದು ನಿಂತಿದ್ದರೆ, ಬಸ್ಸಿನಿಂದ ಒಬ್ಬಳೇ ಹೆಂಗಸು ಇಳಿದಳು. ಸವದತ್ತಿಯ ಸಂಘದವಳು. ಇಳಕಲ್ ಸೀರೆ, ಬಗಲಲ್ಲಿ ಚೀಲ, ಕೈತುಂಬ ಹಂಚು ತಾಗಿದ ಕಲೆ. ಅಧ್ಯಕ್ಷರ ಮುಖ ಅಷ್ಟಕ್ಕೇ ಸಣ್ಣದಾಯಿತು. ಸೋಫಾದಲ್ಲಿ ಕೂಡಿಸಿದರೆ ಅವಳು ತುದಿಗೆ ಕುಳಿತು, "ಒಲಿ ಎಲ್ಲಿ ಅದಾವ್ರಿ?" ಅಂದಳು.

"ನಾವು ಆಧುನಿಕವಾಗಿದ್ದೇವೆ," ಅಂದರು ಅಧ್ಯಕ್ಷರು.

ಅವಳು ಎದ್ದು ಒಟ್ಟಿದ ಪಾಕೀಟುಗಳಲ್ಲಿ ಒಂದನ್ನು ಒಡೆದಳು. ರೊಟ್ಟಿ ಮುರಿಯಲಿಲ್ಲ, ಬಾಗಿತು. ಎರಡನೆಯದರ ನಡುವೆ ಬಿಳಿ ಬೂಸು. ಮೂರನೆಯದಕ್ಕೂ ಅಷ್ಟೇ. ಹಾರ ಹಿಡಿದವಳು ಅದನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು.

ಕೊನೆಗೆ ಅವಳ ಕೈಗೆ ನಾನು ತಂದಿಟ್ಟಿದ್ದ ಬುಟ್ಟಿಯ ರೊಟ್ಟಿ ಬಂತು. ಅದು ಚಟ್ಟನೆ ಮುರಿಯಿತು.

"ಇದನ್ನ ಒಣಗಿಸಿದವರು ಯಾರು?"

"ನಮ್ಮ ಸಂಘದವರೇ," ಅಂದರು ಅಧ್ಯಕ್ಷರು ಥಟ್ಟನೆ.

ಅವಳು ಪಟ್ಟಿ ತೆಗೆದಳು. "ಯಾರ ಹೆಸರು ನೋಡ್ಲಿ?"

ನಾನು ಎದ್ದು ಹೋಗಿ ನಮ್ಮ ಮನೆಯ ಹಿತ್ತಲಿನಿಂದ ಆಯಿಯನ್ನು ಕರೆತಂದೆ. ಕೈಗೆಲ್ಲ ಬೂದಿ. ಸವದತ್ತಿಯವಳು ಅವಳ ಸೊಟ್ಟ ಮಣಿಕಟ್ಟು ನೋಡಿದಳು. "ನಮ್ಮಲ್ಲೂ ಇಂಥಾಕಿ ಒಬ್ಬಾಕಿ ಅದಾಳ್ರಿ. ಆಕಿ ಜ್ವರ ಬಂದು ಮಲಗಿದ್ರ ಅವತ್ತು ನಾವು ಹಿಟ್ಟು ಕಲಸಂಗಿಲ್ಲ," ಅಂದು ಪಟ್ಟಿಯ ಕೊನೆಯಲ್ಲಿ ಹೆಸರು ಬರೆದು, ಹೆಬ್ಬೆಟ್ಟು ಒತ್ತಿಸಿಕೊಂಡಳು. ನಮ್ಮನ್ನು ಒಕ್ಕೂಟಕ್ಕೆ ಸೇರಿಸಿಕೊಳ್ಳುತ್ತೇವೆ, ಆದರೆ ಮುಂದಿನ ಸಲ ಬಂದಾಗ ಹಾಲ್‌ನಲ್ಲಿ ಒಲೆ ಉರಿಯುತ್ತಿರಬೇಕು ಎಂದು ಹೇಳಿ ನಾಲ್ಕರ ಬಸ್ಸಿಗೆ ಹೋದಳು. ಅಧ್ಯಕ್ಷರಿಗೆ ಒಂದು ಬಿರುಸು ಮಾತೂ ಆಡಲಿಲ್ಲ. ಆಡಿದ್ದರೆ ನನಗೆ ಸಂತೋಷವಾಗುತ್ತಿತ್ತು, ಅದನ್ನು ದೇವರ ಮುಂದೆ ತಪ್ಪೊಪ್ಪಿಕೊಂಡಿದ್ದೇನೆ.

ಮಣ್ಣಿನ ಒಲೆ ಹಾಕಲು ಬರುವುದು ನಮ್ಮಲ್ಲಿ ಆಯಿಗೆ ಮಾತ್ರ. ಮರುದಿನ ಅವಳು ತಮ್ಮನ ಮನೆಯಲ್ಲಿ ಎಲ್ಲರಿಗೂ ಕೇಳುವಂತೆ "ಒಕ್ಕೂಟದ ಕೆಲಸ ಐತಿ" ಎಂದು ಹೇಳಿ ಬಂದಳಂತೆ. ಕೆರೆಯ ಮಣ್ಣು, ಹೊಟ್ಟು, ಸೆಗಣಿ ಎಲ್ಲ ಬಂತು. ಮುರಿದ ಕೈಯಿಂದ ಕಲಸಲು ಆಗುವುದಿಲ್ಲವೆಂದು ಅವಳು ಗೋಡೆಗೆ ಆನಿಕೊಂಡು ಕುಳಿತಳು. ನಾವು ಒಂಬತ್ತು ಜನ ಹಿಟ್ಟಿನ ಕೆಲಸದಲ್ಲಿದ್ದೆವು. ಬಿಡುವಾಗಿದ್ದವರು ಒಬ್ಬರೇ. ಅಧ್ಯಕ್ಷರು ಸೀರೆ ಎತ್ತಿ ಕಟ್ಟಿ ಮಣ್ಣಿಗೆ ಇಳಿದರು.

"ಇನ್ನಷ್ಟ ತುಳೀರಿ ಅಧ್ಯಕ್ಷರ," ಅಂದಳು ಆಯಿ. "ಗಂಟು ಉಳದ್ರ ಒಲಿ ಸೀಳತೈತಿ."