ಕಾಕು ಹೊಲಿದ ರೆಕ್ಕೆ

ಉಗುರುಬಣ್ಣದ ಬಾಟಲಿಯ ಮುಚ್ಚಳ ತೆಗೆದರೆ ಸಾಕು, ನನಗೆ ವಿಮಾನ ನೆನಪಾಗುತ್ತದೆ. ಕಲಬುರಗಿಯ ಖೂಬಾ ಪ್ಲಾಟಿನ ನಮ್ಮ ಮನೆಯಲ್ಲಿ ಮಗಳು ಕಿಟಕಿಯ ಬಳಿ ಕೂತು ಉಗುರಿಗೆ ಬಣ್ಣ ಹಚ್ಚತೊಡಗಿದರೆ, ನಾನು ಒಗ್ಗರಣೆ ಸೌಟು ಹಿಡಿದು ನಿಂತಲ್ಲಿಂದಲೇ ಕಮಲಾಪುರಕ್ಕೆ ಹೋಗಿಬಿಡುತ್ತೇನೆ. ಅಲ್ಲಿ ನಮ್ಮ ವಾಡೆ ಮನೆಯ ಹಿಂದೆ ತಗಡಿನ ಶೆಡ್ಡು, ಶೆಡ್ಡಿನೊಳಗೆ ಎರಡು ಸೀಟಿನ ಹಳೇ ವಿಮಾನ. ಅದರ ರೆಕ್ಕೆಯ ಬಟ್ಟೆ ಬಿಗಿಯಾಗಲೆಂದು ಬಳಿಯುತ್ತಿದ್ದ ಮೆರುಗೆಣ್ಣೆಗೂ ಇದೇ ವಾಸನೆ, ಸಿಹಿಯಾದದ್ದು, ತುಸು ತಲೆ ತಿರುಗಿಸುವಂಥದ್ದು. ನಿಮ್ಮ ಬಾಲ್ಯದ ಮನೆಗೂ ಇಂಥದೊಂದು ವಾಸನೆ ಇದ್ದೀತು. ನಿಮಗೆ ಅದರ ಜೊತೆ ಏನು ಬರುತ್ತದೋ ಕಾಣೆ, ನನಗೆ ಮೊದಲು ಬರುವುದು ಸಿಟ್ಟು.

ಅಪ್ಪನ ತಮ್ಮ, ನಮ್ಮ ಕಾಕಾ, ಹೈದರಾಬಾದಿನ ಒಂದು ಫ್ಲೈಯಿಂಗ್ ಕ್ಲಬ್ಬಿನಲ್ಲಿ ಮೆಕ್ಯಾನಿಕ್ ಆಗಿದ್ದ. ಕ್ಲಬ್ಬಿನವರು ಬೇಡವೆಂದು ಮೂಲೆಗೆ ತಳ್ಳಿದ್ದ ಈ ವಿಮಾನವನ್ನು ಲಾರಿಯಲ್ಲಿ ಹೇರಿಸಿಕೊಂಡು ಊರಿಗೆ ಬಂದಾಗ, ಅಜ್ಜ ಅಂಗಳದಲ್ಲೇ ನಿಂತು, "ಎಮ್ಮಿ ತಂದಿದ್ರ ಹಾಲರ ಕೊಡ್ತಿತ್ತು," ಅಂದಿದ್ದ. ಅಂದಿನಿಂದ ನಮ್ಮ ಮನೆಯಲ್ಲಿ ಯಾವ ವಸ್ತುವೂ ತನ್ನ ಜಾಗದಲ್ಲಿ ಇರಲಿಲ್ಲ. ಸೀಮೆಎಣ್ಣೆಯಲ್ಲಿ ತೊಳೆದ ಪಿಸ್ಟನ್‌ಗಳು ಉಪ್ಪಿನಕಾಯಿ ಭರಣಿಗಳ ಪಕ್ಕ ಗೋಡೆಯ ಮಾಡದಲ್ಲಿ ಕೂತಿರುತ್ತಿದ್ದವು. ಎಂಜಿನ್ನು ಕಾಕಾನದಾದರೆ ರೆಕ್ಕೆ ಅವನ ಹೆಂಡತಿ ಕಾಕುವಿನದು. ಮಕ್ಕಳಿಲ್ಲದ ನಮ್ಮ ಕಾಕು ಮನೆಮಂದಿಯ ಕುಬಸ, ಕೌದಿ ಎಲ್ಲ ಹೊಲಿಯುತ್ತಿದ್ದವಳು. ಆ ವಿಮಾನದ ರೆಕ್ಕೆಯೆಂದರೆ ಕಟ್ಟಿಗೆಯ ಹಂದರದ ಮೇಲೆ ಎಳೆದು ಹೊಲಿದ ಬಟ್ಟೆ. ಹಳೆಯ ಬಟ್ಟೆಯೆಲ್ಲ ಜೀರ್ಣವಾಗಿ, ಬೆರಳು ಒತ್ತಿದರೆ ಹರಿಯುತ್ತಿತ್ತು. ರೆಕ್ಕೆಯನ್ನು ಗೋಡೆಯ ಹಾಗೆ ನಿಲ್ಲಿಸಿ, ಆಚೆ ಕಾಕಾ, ಈಚೆ ಕಾಕು ನಿಲ್ಲುತ್ತಿದ್ದರು. ಗೇಣುದ್ದದ ಸೂಜಿಯನ್ನು ಕಾಕು ಇತ್ತಿಂದ ಚುಚ್ಚಿದರೆ ಅವನು ಅತ್ತಿಂದ ಎಳೆದು ಮತ್ತೆ ಇತ್ತ ದಾಟಿಸಬೇಕು, ಅವಳು ಗಂಟು ಹಾಕಬೇಕು. ಒಬ್ಬರ ಮುಖ ಒಬ್ಬರಿಗೆ ಕಾಣದೆ ಇಡೀ ಮಧ್ಯಾಹ್ನ ಹಾಗೆ ಮಾತಾಡಿಕೊಂಡು ಹೊಲಿಯುತ್ತಿದ್ದರು. ಹಿರಿಯರ ಎದುರು ಗಂಡಹೆಂಡತಿ ಮಾತಾಡದ ಆ ಮನೆಯಲ್ಲಿ ಅವಳು ಗಟ್ಟಿಯಾಗಿ ನಕ್ಕಿದ್ದನ್ನು ನಾನು ಕೇಳಿದ್ದು ಆ ಶೆಡ್ಡಿನಲ್ಲಿ ಮಾತ್ರ. ಒಮ್ಮೆ ಕಾಕಾ ಅತ್ತಲಿಂದಲೇ, "ಕ್ಲಬ್ಬಿನ ಕ್ಯಾಪ್ಟನ್ ಸಾಹೇಬ್ರ ಜೋಡಿ ನಂದೊಂದು ಸುತ್ತು ಆಗ್ಲಿ. ಎರಡನೇ ಸುತ್ತು ನಿಂದ," ಅಂದ. ಅವಳು ಸೂಜಿಯನ್ನು ಅತ್ತ ಚುಚ್ಚಿದಳು. ಕಿವಿಯ ತನಕ ಕೆಂಪಾಗಿದ್ದಳು.

ವರ್ಷಗಳು ಹಿಡಿದವು. ಕಡೆಗೆ ಪರವಾನಗಿ ಬಂತು, ಊರ ಹೊರಗಿನ ಕೆಂಪು ಮಣ್ಣಿನ ಬಯಲು ಸಮ ಮಾಡಿದ್ದಾಯಿತು. ದಸರೆಯ ದಿನ ಊರಿನ ಸೀಮೆ ದಾಟಿ ಬನ್ನಿ ತರುವುದು ನಮ್ಮ ಕಡೆಯ ಪದ್ಧತಿ. ವಿಮಾನವೂ ಅಂದೇ ಸೀಮೋಲ್ಲಂಘನ ಮಾಡಲೆಂದು ಅಜ್ಜ ಮುಹೂರ್ತ ತೆಗೆಸಿದ. ಹಿಂದಿನ ದಿನ ಖಂಡೆಪೂಜೆ. ಕತ್ತರಿ, ಪಾನಾ, ಸುತ್ತಿಗೆಗಳ ಜೊತೆ ವಿಮಾನಕ್ಕೂ ಅರಿಶಿನ ಕುಂಕುಮ, ಚೆಂಡುಹೂವಿನ ಮಾಲೆ. ಮೆರುಗೆಣ್ಣೆ ಬಳಿದ ಬಟ್ಟೆಗೆ ಕಿಡಿ ತಾಗಿದರೆ ಭಗ್ಗೆಂದು ಹತ್ತುತ್ತದೆಂದು ಕಾಕಾ ಸದಾ ಹೇಳುತ್ತಿದ್ದ. ಅದಕ್ಕೇ ಕಾಕು ಊದಬತ್ತಿ ಹಿಡಿದು ಎಲ್ಲಿ ಸಿಗಿಸಲೆಂದು ಬಹಳ ಹೊತ್ತು ಹುಡುಕಿದಳು. ರೆಕ್ಕೆಯಿಂದ ಮುಂದಕ್ಕೆ ಚಾಚಿದ್ದ, ಬೆರಳು ಗಾತ್ರದ ಲೋಹದ ಕೊಳವೆ ಕಂಡಿತು. ಬಟ್ಟೆಯಿಂದ ದೂರ ಇತ್ತು, ಅದರ ತೂತಿಗೆ ಸಿಗಿಸಿದಳು. ಎದುರಿನ ಗಾಳಿ ಆ ತೂತಿನಿಂದ ಒಳಹೊಕ್ಕರೇ ವೇಗ ತೋರಿಸುವ ಮುಳ್ಳು ಏಳುವುದು. ಕಾಕಾ ಪಕ್ಕದಲ್ಲೇ ಕೂತು ಗಂಟೆ ಬಾರಿಸುತ್ತಿದ್ದ, ಅಜ್ಜ ಅಕ್ಷತೆ ಹಾಕಿದ, ಎಲ್ಲರೂ ಕೈ ಮುಗಿದರು. ಬೆಳಿಗ್ಗೆ ಹೂವು ತೆಗೆಯುವಾಗ ಕಡ್ಡಿಯ ಹೊರಗಿನ ಭಾಗ ಮುರಿದು ಬಂತು, ಒಳಗಿನದು ಒಳಗೇ ಉಳಿಯಿತು. ಹಾರುವ ಮುಂಚೆ ವಿಮಾನವನ್ನು ಒಂದು ಸುತ್ತು ಹಾಕಿ, ಆ ಕೊಳವೆಯ ಬಾಯಿಯನ್ನೂ ನೋಡುವುದು ಮೆಕ್ಯಾನಿಕ್ಕನ ಕೆಲಸ. ಹಾಗಂತ ನಮಗೆಲ್ಲ ಪಾಠ ಹೇಳಿದವನು ಕಾಕಾನೇ. ಅಂದು ಅಜ್ಜ, "ಮುಹೂರ್ತ ಮೀರ್ಲಿಕತ್ತದ, ನಡೀರಿ," ಅಂತ ಅವಸರ ಮಾಡಿದ. ಕಾಕಾ ಸುತ್ತು ಹಾಕಲಿಲ್ಲ.

ಕ್ಲಬ್ಬಿನಿಂದ ಬಂದಿದ್ದ ಕ್ಯಾಪ್ಟನ್ನರನ್ನೂ ಕಾಕಾನನ್ನೂ ಹೊತ್ತು ವಿಮಾನ ಏರಿತು. ಕಮಲಾಪುರಕ್ಕೆ ಕಮಲಾಪುರವೇ ಮಾಳಿಗೆ ಹತ್ತಿ ಕೂಗಿತು. ಕಾಕು ಹೊಸ ಇಳಕಲ್ ಸೀರೆ ಉಟ್ಟು, ಆರತಿ ತಟ್ಟೆ ಹಿಡಿದು, ತನ್ನ ಸರದಿ ಕಾಯುತ್ತಾ ಬಯಲ ಅಂಚಿನಲ್ಲಿ ನಿಂತಿದ್ದಳು. ಮೇಲೆ ವೇಗದ ಮುಳ್ಳು ಅಲುಗದಿದ್ದುದನ್ನು ಕಂಡ ಕ್ಯಾಪ್ಟನ್, ನಿಧಾನವಾದರೆ ಬಿದ್ದೇವೆಂದು ಜೋರಾಗಿಯೇ ಇಳಿಸಿದರು. ಬಯಲು ಸಾಲಲಿಲ್ಲ. ವಿಮಾನ ಹೊಲದ ಕಲ್ಲಿನ ಒಡ್ಡಿಗೆ ಹೋಗಿ ಗುದ್ದಿತು. ಎಡಗಡೆ ರೆಕ್ಕೆ ಮುರಿದು ಬಟ್ಟೆ ಸೀಳಿತು, ಕಾಕಾನ ಹಣೆ ಒಡೆಯಿತು, ಪುಣ್ಯಕ್ಕೆ ಜೀವಕ್ಕೇನೂ ಆಗಲಿಲ್ಲ. ಕ್ಯಾಪ್ಟನ್ ಕೊಳವೆಯಿಂದ ಕಡ್ಡಿಯ ತುಣುಕು ತೆಗೆದು ಅಂಗೈಯಲ್ಲಿ ಇಟ್ಟುಕೊಂಡು ತೋರಿಸಿದರು. "ಹೆಂಗಸರ ಕೈ ಆಡಿಸಬಾರದಿತ್ತು," ಅಂದ ಅಜ್ಜ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಕಾಕಾ ಬಾಯಿಬಿಟ್ಟು, ನೋಡಬೇಕಾದವನು ನಾನು ಅನ್ನಬಹುದಿತ್ತು. ಹಣೆಗೆ ವಸ್ತ್ರ ಒತ್ತಿ ಹಿಡಿದು ನಿಂತಿದ್ದ. ಅಂದು ಸಂಜೆ ಎಲ್ಲರೂ ಎಲ್ಲರಿಗೂ ಬನ್ನಿ ಕೊಟ್ಟು, ಬಂಗಾರದಂಗ ಇರೋಣ ಅಂದರು. ಕಾಕುವಿನ ಕೈಗೆ ಒಂದು ಎಲೆ ಇಟ್ಟವರಿಲ್ಲ.

ವಿಮಾನ ಗುಜರಿಗೆ ಹೋಯಿತು, ಮಾತು ಮನೆಯಲ್ಲಿ ಉಳಿಯಿತು. ಪಂಪ್ ಕೆಟ್ಟರೆ, ಜೀಪು ನಿಂತರೆ, "ಕಾಕು ಊದಬತ್ತಿ ಹಚ್ಚಿರ್ಬೇಕು," ಅಂತ ನಗೆ. ಮದುವೆ ಮುಂಜಿಗಳಲ್ಲಿ ಸೊಸೆಯಂದಿರಿಗೂ ಅದನ್ನೇ ಹೇಳಿ ನಗಿಸಿದರು. ಅವಳೂ ತಲೆ ತಗ್ಗಿಸಿ ಸ್ವಲ್ಪ ನಗುತ್ತಿದ್ದಳು. ನೆನೆದರೆ ಮೈ ಉರಿಯುತ್ತದೆ. ಕಾಕಾ ಸಾಯುವ ತನಕ ಆ ನಗೆಯನ್ನು ಒಮ್ಮೆಯೂ ತಡೆಯಲಿಲ್ಲ, ಅದನ್ನು ನಾನು ಕ್ಷಮಿಸಿಲ್ಲ.

ಅವನು ಹೋದ ಮೇಲೆ ಕಾಕು ನನ್ನ ಮನೆಗೆ ಬಂದಳು. ಕಲಬುರಗಿಗೆ ವಿಮಾನ ನಿಲ್ದಾಣ ಆದಾಗ ನಾನು, "ಬಾ ಕಾಕು, ವಿಮಾನದಾಗ ತಿರುಪತಿಗೆ ಹೋಗಿ ಬರೋಣ," ಅಂದೆ.

"ಅದರ ರೆಕ್ಕಿ ಅರಿವೀದ ಏನವಾ?"

"ಇಲ್ಲ, ತಗಡಿಂದು."

"ಹಂಗಿದ್ರ ಬ್ಯಾಡ ಬಿಡು. ನನಗ ಹಾರೋದೇನು ಬೇಕಾಗಿದ್ದಿಲ್ಲ. ನಾ ಹಾಕಿದ ಹೊಲಿಗಿ ಮ್ಯಾಲ ಗಾಳಿಗೆ ತಡೀತದೋ ಇಲ್ಲೋ, ಹತ್ರ ಕೂತು ನೋಡೋದಿತ್ತು."

"ತಡೀತಲ್ಲ ಕಾಕು," ಅಂದೆ. "ಒಡ್ಡಿಗೆ ಗುದ್ದಿದಾಗ ಅರಿವಿ ಹರೀತು, ನಿನ್ನ ಹೊಲಿಗಿ ಒಂದೂ ಬಿಚ್ಚಿದ್ದಿಲ್ಲ. ನಾನೇ ಮುಟ್ಟಿ ನೋಡೀನಿ. ಎಲ್ಲಾರೂ ನೋಡ್ಯಾರ."

ಅವಳು ನನ್ನ ಕಡೆ ತಿರುಗಿದಳು. "ಹೌದೇನು?" ಅಂದಳು. "ಯಾರೂ ಹೇಳಲೇ ಇಲ್ಲ ನೋಡು."

ಮರುವರ್ಷದ ಬೇಸಿಗೆಯಲ್ಲಿ ಕಾಕು ಹೋದಳು. ಕಮಲಾಪುರದ ವಾಡೆ ಈಗ ಇಲ್ಲ. ಆ ಬಯಲಿನಲ್ಲಿ ಯಾರೋ ಬಾಳೆ ಹಾಕಿದ್ದಾರೆ.